‘ಬ್ರಾತ್’ ನೋಡಿದವರು ಬನ್ನಿ: ಸೆರ್ಗೇಯ್ ಬೊದ್ರೋವ್ ಕೈಯಲ್ಲಿದ್ದ ಬಂದೂಕುಗಳ ಬಗ್ಗೆ

ತುಂಗಾತೀರ

ಶನಿವಾರ ರಾತ್ರಿ ನಿದ್ದೆ ಬರಲಿಲ್ಲ, ಸುಮ್ನೆ ‘ಬ್ರಾತ್’ ಹಾಕಿಕೊಂಡು ಕೂತೆ. 1997ರ ರಷ್ಯನ್ ಸಿನಿಮಾ. ಅಲೆಕ್ಸೇಯ್ ಬಲಬಾನೊವ್ ನಿರ್ದೇಶನ, ಸೆರ್ಗೇಯ್ ಬೊದ್ರೋವ್ ಜೂನಿಯರ್ ಹೀರೋ. ಬ್ರಾತ್ ಅಂದರೆ ಅಣ್ಣನೂ ಹೌದು, ತಮ್ಮನೂ ಹೌದು. ರಷ್ಯನ್ನರಿಗೆ ಎರಡಕ್ಕೂ ಒಂದೇ ಪದ. ಕನ್ನಡಕ್ಕೆ ತರಬೇಕಾದರೆ ಹೆಸರಿನಲ್ಲೇ ಜಗಳ ಶುರು. ನನ್ನ ಪ್ರಕಾರ ‘ತಮ್ಮ’ ಆಗಬೇಕು. ಕೊಲೆ ಮಾಡಲು ತಮ್ಮನನ್ನು ಮುಂದೆ ಬಿಟ್ಟು, ಅಣ್ಣ ಹಿಂದೆ ಕೂತು ದುಡ್ಡು ಎಣಿಸುವ ಕಥೆ ಅದು.

ಇರಲಿ, ನಾನು ಕೇಳಬೇಕು ಅಂದುಕೊಂಡಿದ್ದು ಬೇರೆ. ದಾನಿಲ ಅನ್ನುವ ಈ ಹುಡುಗ ಆಗಷ್ಟೇ ಸೈನ್ಯದಿಂದ ವಾಪಸ್ ಬಂದಿದ್ದಾನೆ. ಕೇಳಿದವರಿಗೆಲ್ಲ ‘ನಾನು ಆಫೀಸಲ್ಲಿ ಗುಮಾಸ್ತನಾಗಿದ್ದೆ’ ಅನ್ನುತ್ತಾನೆ. ಪೀಟರ್ಸ್‌ಬರ್ಗ್‌ಗೆ ಬಂದು ಒಂದು ಬಾಡಿಗೆ ರೂಮು ಹಿಡಿಯುತ್ತಾನೆ, ಅಣ್ಣ ಹಳೇ ರಿವಾಲ್ವರ್ ಒಂದನ್ನು ಕೊಡುತ್ತಾನೆ. ಇವನು ಒಂದು ಪ್ಲಾಸ್ಟಿಕ್ ಬಾಟಲಿ ತಗೊಂಡು ಅದಕ್ಕೆ ಸೈಲೆನ್ಸರ್ ಮಾಡಿಕೊಳ್ಳಲು ಕೂರುತ್ತಾನೆ. ಆ ದೃಶ್ಯ ನೋಡಿ. ಮುಖದಲ್ಲಿ ಕೋಪ ಇಲ್ಲ, ಹೆದರಿಕೆ ಇಲ್ಲ. ಹಿನ್ನೆಲೆಯಲ್ಲಿ ಢಂ ಢಂ ಅಂತ ಸಂಗೀತವೂ ಇಲ್ಲ. ಕೆಟ್ಟ ಮಿಕ್ಸಿ ಬಿಚ್ಚಿಕೊಂಡು ರಿಪೇರಿಗೆ ಕೂತವನ ಹಾಗೆ ಕೂತಿದ್ದಾನೆ. ನಮ್ಮ ಕಡೆಯ ಸಿನಿಮಾಗಳಲ್ಲಿ ಹೀರೋ ಬಂದೂಕು ಹಿಡಿದ ಅಂದರೆ ಕ್ಯಾಮೆರಾ ಕಾಲಿನಿಂದ ಮೇಲಕ್ಕೆ ಬರಬೇಕು, ಗಾಳಿ ಬೀಸಬೇಕು, ಕೋಟು ಹಾರಬೇಕು. ಇಲ್ಲಿ ದಪ್ಪ ಸ್ವೆಟರ್ ಹಾಕಿದ ಹುಡುಗ ಮೇಜಿನ ಮುಂದೆ ಕೂತು ಕೆಲಸ ಮಾಡುತ್ತಿದ್ದಾನೆ, ಅಷ್ಟೇ. ಅದೇ ಭಯ ಹುಟ್ಟಿಸಿತು.

ಇದು ನಿರ್ದೇಶಕನ ಜಾಣತನವೋ, ಬೊದ್ರೋವ್ ಇರುವುದೇ ಹಾಗೋ? ಆಮೇಲೆ ಆ ರಿವಾಲ್ವರ್ ಯಾಕೆ ಅಷ್ಟು ಹಳೆಯದು? ಅವನ ಬೇರೆ ಸಿನಿಮಾ ನೋಡಿದವರಿದ್ದರೆ ಹೇಳಿ. ಅವನೇ ನಿರ್ದೇಶನ ಮಾಡಿದ್ದೂ ಇದೆಯಂತಲ್ಲ.

ಹಳೇರೀಲು

ಬಂದಿರಾ ದಾರಿಗೆ. ನಾನು ಇದನ್ನು ಮೊದಲು ನೋಡಿದ್ದು ಕ್ಯಾಸೆಟ್ಟಿನ ಕಾಪಿಯ ಕಾಪಿಯಲ್ಲಿ. ಅರ್ಧ ಮುಖ ಹಸಿರು, ಅರ್ಧ ಮುಖ ಕಪ್ಪು. ಆದರೂ ಹಿಡಿಸಿತ್ತು.

ಮೊದಲು ಬೊದ್ರೋವ್ ಯಾರು ಅಂತ ಹೇಳುತ್ತೇನೆ, ಆಗ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹುಟ್ಟಿದ್ದು 1971ರ ಡಿಸೆಂಬರ್, ಮಾಸ್ಕೋದಲ್ಲಿ. ಅಪ್ಪನ ಹೆಸರೂ ಸೆರ್ಗೇಯ್ ಬೊದ್ರೋವೇ, ಅವರೂ ನಿರ್ದೇಶಕರು, ಅದಕ್ಕೇ ಇವನು ಜೂನಿಯರ್. ಆದರೆ ನಟನೆಯ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸ ಓದಿದ. ವೆನಿಸ್‌ನ ನವೋದಯ ಕಾಲದ ಚಿತ್ರಕಲೆಯ ಮೇಲೆ ಪ್ರಬಂಧ ಬರೆದು 1998ರಲ್ಲಿ ನಮ್ಮ ಪಿಎಚ್‌ಡಿಗೆ ಸಮನಾದ ಪದವಿ ಪಡೆದ. ಅಂದರೆ ‘ಬ್ರಾತ್’ ಬಂದು, ಇಡೀ ರಷ್ಯಾದ ಹುಡುಗರು ಇವನ ಹಾಗೆ ನಡೆಯಲು ಕಲಿತ ಮೇಲೆ, ಇವನು ಹೋಗಿ ಹಳೇ ಚಿತ್ರಗಳಲ್ಲಿ ಬರುವ ಕಟ್ಟಡಗಳ ಬಗ್ಗೆ ವಾದ ಮಂಡಿಸಿ ಬಂದ. ಅದೇ ಹೊತ್ತಿಗೆ, 1996ರಿಂದ 1999ರವರೆಗೆ, ಟಿವಿಯಲ್ಲಿ ‘ವ್ಜ್‌ಗ್ಲ್ಯಾದ್’ ಅನ್ನುವ ಕಾರ್ಯಕ್ರಮವನ್ನೂ ನಡೆಸಿಕೊಡುತ್ತಿದ್ದ.

ಬಲಬಾನೊವ್‌ಗೆ ಇವನು ಸಿಕ್ಕಿದ್ದು 1996ರಲ್ಲಿ, ಸೋಚಿಯ ಸಿನಿಮೋತ್ಸವದಲ್ಲಿ. ‘ಬ್ರಾತ್’ಗೆ ಖರ್ಚಾಗಿದ್ದು ಸುಮಾರು 10 ಸಾವಿರ ಡಾಲರ್ ಅಂತ ಎಲ್ಲ ಕಡೆ ಹೇಳುತ್ತಾರೆ. ಗೆಳೆಯರ ಮನೆಗಳಲ್ಲೇ ಚಿತ್ರೀಕರಣ. ಆ ಪ್ರಸಿದ್ಧ ಸ್ವೆಟರ್ ಇದೆಯಲ್ಲ, ಅದು ಹಳೇ ಬಟ್ಟೆ ಮಾರುವ ಕಡೆ ಸಿಕ್ಕಿದ್ದು. ಅಷ್ಟು ಬಡ ಸಿನಿಮಾ 1997ರ ಮೇ ತಿಂಗಳಲ್ಲಿ ಫ್ರಾನ್ಸ್‌ನ ಕಾನ್ ಸಿನಿಮೋತ್ಸವಕ್ಕೆ ಹೋಯಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎರಡೂ. ನಟನೆ ಕಲಿಯದವನಿಗೆ ಬಂದೂಕು ಹಿಡಿದು ಪೋಸು ಕೊಡುವುದೂ ಗೊತ್ತಿರುವುದಿಲ್ಲ. ಬಲಬಾನೊವ್‌ಗೆ ಬೇಕಾಗಿದ್ದೂ ಅದೇ.

ಮಧ್ಯರಾತ್ರಿ ಮ್ಯಾಟಿನಿ

ಎಲ್ಲ ಸರಿ ಗುರೂ, ಆದರೆ ರಿವಾಲ್ವರ್‌ಗೆ ಸೈಲೆನ್ಸರ್? 😂 ಗೇಮ್ ಆಡೋ ಚಿಕ್ಕ ಹುಡುಗನಿಗೂ ಗೊತ್ತು, ರಿವಾಲ್ವರ್‌ಗೆ ಸೈಲೆನ್ಸರ್ ಹಾಕಿದರೆ ಏನೂ ಪ್ರಯೋಜನ ಇಲ್ಲ ಅಂತ. ಸದ್ದು ಪಕ್ಕದಿಂದ ಬರುತ್ತದೆ. ಇಷ್ಟೆಲ್ಲ ನೈಜ ನೈಜ ಅಂತ ಹೊಗಳುವ ಸಿನಿಮಾದಲ್ಲಿ ಇಂಥ ತಪ್ಪು.

ಜೋಡುನಳಿಗೆ

ಮ್ಯಾಟಿನಿ ತಮ್ಮಾ, ನೀನು ಹೇಳಿದ್ದು ನೂರಕ್ಕೆ ತೊಂಬತ್ತೊಂಬತ್ತು ರಿವಾಲ್ವರ್‌ಗಳಿಗೆ ಸರಿ. ದಾನಿಲನ ಕೈಲಿರುವುದು ಆ ಉಳಿದ ಒಂದು.

ಅದು ನಗಾನ್. 1895ರ ಮಾದರಿ. ಬೆಲ್ಜಿಯಂನ ಲೆಯೋನ್ ನಗಾನ್ ಮಾಡಿದ್ದು, ಝಾರ್ ಕಾಲದ ಸೈನ್ಯ ತಗೊಂಡಿತು, ಆಮೇಲೆ ತುಲಾ ಊರಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತಯಾರಾಯಿತು. ಕ್ರಾಂತಿ ನೋಡಿತು, ಎರಡು ಮಹಾಯುದ್ಧ ನೋಡಿತು. ಏಳು ಗುಂಡು ಹಿಡಿಯುತ್ತದೆ, ಆರಲ್ಲ.

ಮಾಮೂಲಿ ರಿವಾಲ್ವರ್‌ನಲ್ಲಿ ಗುಂಡು ತುಂಬಿದ ಉರುಳೆಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಇಲ್ಲದಿದ್ದರೆ ಉರುಳೆ ತಿರುಗುವುದಿಲ್ಲ. ಗುಂಡು ಹಾರಿದಾಗ ಹೊಗೆ, ಬೆಂಕಿ, ಸದ್ದು ಆ ಸಂದಿಯಿಂದಲೂ ಹೊರಗೆ ಬರುತ್ತದೆ. ಮೂತಿಗೆ ಎಂಥ ಸೈಲೆನ್ಸರ್ ಹಾಕಿದರೂ ಅಷ್ಟಕ್ಕಷ್ಟೇ. ನಗಾನ್‌ನಲ್ಲಿ ಕುದುರೆ, ಅಂದರೆ ತೋಟಾಕ್ಕೆ ಬಡಿಯುವ ಹಿಂದಿನ ಕೊಕ್ಕೆ, ಎಳೆದಾಗ ಇಡೀ ಉರುಳೆ ಮುಂದಕ್ಕೆ ಸರಿದು ನಳಿಗೆಗೆ ಕಚ್ಚಿಕೊಳ್ಳುತ್ತದೆ. ಅದರ ತೋಟಾ ಕೂಡ ವಿಚಿತ್ರ. ಸೀಸದ ಗುಂಡು ಹೊರಗೆ ಕಾಣುವುದೇ ಇಲ್ಲ, ಹಿತ್ತಾಳೆ ಕೊಳವೆಯ ಒಳಗೆ ಪೂರ್ತಿ ಮುಳುಗಿರುತ್ತದೆ. ಆ ಕೊಳವೆಯ ತುದಿ ನಳಿಗೆಯೊಳಗೆ ಹೊಕ್ಕು ಸಂದಿ ಮುಚ್ಚುತ್ತದೆ. ಹಾಗಾಗಿ ಸೈಲೆನ್ಸರ್ ಕೆಲಸ ಮಾಡುತ್ತದೆ. ಸೋವಿಯತ್ ಕಾಲದಲ್ಲಿ ಇದಕ್ಕೇ ಅಂತ ಒಂದು ಸೈಲೆನ್ಸರ್ ಮಾಡಿದ್ದರು, ಹೆಸರು ‘ಬ್ರಮಿತ್’. ಮಿತಿನ್ ಅನ್ನುವ ಅಣ್ಣತಮ್ಮಂದಿರು ಮಾಡಿದ್ದು, ಅವರ ಹೆಸರಿನಿಂದಲೇ ಬ್ರ-ಮಿತ್. ತುಂಗಾತೀರ ಅವರೇ, ನಿಮ್ಮ ಬ್ರಾತ್ ಅಲ್ಲೂ ಬಂತು ನೋಡಿ.

ಇಷ್ಟೆಲ್ಲ ಸೌಕರ್ಯಕ್ಕೆ ಬೆಲೆ ಏನೆಂದರೆ ಟ್ರಿಗರ್ ಕಲ್ಲಿನಷ್ಟು ಗಟ್ಟಿ. ಉರುಳೆಯನ್ನೇ ಮುಂದೆ ತಳ್ಳಬೇಕಲ್ಲ. ತೋಟಾ ತುಂಬುವುದೂ ಪಕ್ಕದ ಕಿಂಡಿಯಿಂದ ಒಂದೊಂದಾಗಿ. ಅವಸರಕ್ಕೆ ಆಗುವ ಆಯುಧ ಅಲ್ಲ.

ಇನ್ನು ಪ್ಲಾಸ್ಟಿಕ್ ಬಾಟಲಿ? ಅದು ಸಿನಿಮಾ. ಅಷ್ಟು ಚಂದಕ್ಕೆ ಸದ್ದು ಅಡಗುವುದಿಲ್ಲ. ಆದರೆ ಬಾಟಲಿ ಹಾಕಲು ರಿವಾಲ್ವರ್‌ಗಳಲ್ಲಿ ನಗಾನನ್ನೇ ಆರಿಸಿದ್ದಾರೆ ಅಂದರೆ ಬಲಬಾನೊವ್ ತಂಡದಲ್ಲಿ ಯಾರಿಗೋ ವಿಷಯ ಗೊತ್ತಿತ್ತು. ದಾನಿಲನಿಗೂ ಗೊತ್ತಿತ್ತು! ಗುಮಾಸ್ತನಾಗಿದ್ದವನಿಗೆ ಇದೆಲ್ಲ ಹೇಗೆ ಗೊತ್ತು ಹೇಳಿ? ಸಿನಿಮಾದಲ್ಲಿ ಯಾರೂ ಅವನು ಯುದ್ಧ ಮಾಡಿದ್ದಾನೆ ಅಂತ ಹೇಳುವುದಿಲ್ಲ. ಅವನ ಕೈ ಹೇಳುತ್ತದೆ.

ತುಂಗಾತೀರ

ಅಬ್ಬಾ. ಜೋಡುನಳಿಗೆ ಅಣ್ಣ, ನೀವು ಕೊಡಗಿನವರಾ? ‘ಕುದುರೆ’, ‘ತೋಟಾ’ ಎಲ್ಲ ಇಷ್ಟು ಸಲೀಸಾಗಿ ಬರುತ್ತಿದೆ.

ಜೋಡುನಳಿಗೆ

ಹೌದು. ನಮ್ಮನೆಯಲ್ಲಿ ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಅಜ್ಜ ಹೊಡೆತ ಕೊಟ್ಟು ಕಲಿಸಿದ್ದು ಒಂದೇ ಪಾಠ: ಖಾಲಿ ಕೋವಿ ಅಂತ ಒಂದಿಲ್ಲ. ಅದಕ್ಕೇ ಆ ಸಿನಿಮಾದಲ್ಲಿ ಅವನು ಬೇಟೆ ಕೋವಿಯ ನಳಿಗೆ ಕೊಯ್ಯುವ ದೃಶ್ಯ ನನಗೆ ನೋಡಲಾಗಲಿಲ್ಲ. ರಷ್ಯನ್ನರು ಅದಕ್ಕೆ ‘ಅಬ್ರೇಜ್’ ಅನ್ನುತ್ತಾರೆ, ಕತ್ತರಿಸಿದ್ದು ಅಂತ. ಜೋಡು ನಳಿಗೆ ಕೋವಿಯನ್ನು ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿ ಕೋಟಿನೊಳಗೆ ಇಟ್ಟುಕೊಳ್ಳುತ್ತಾನೆ. ನಮ್ಮ ಅಜ್ಜ ನೋಡಿದ್ದರೆ ಟಿವಿ ಆರಿಸಿ ಎದ್ದು ಹೋಗುತ್ತಿದ್ದರು.

ಹಳೇರೀಲು

ಜೋಡುನಳಿಗೆ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಒಂದಷ್ಟು ವರ್ಷ ಸಿನಿಮಾದ ಕಲಾ ವಿಭಾಗದಲ್ಲಿ ಕೆಲಸ ಮಾಡಿದವನು, ಆ ಕಡೆಯಿಂದ.

ಸಿನಿಮಾದಲ್ಲಿ ಹೊಡೆಯುವುದು ಖಾಲಿ ತೋಟಾ, ನಿಮಗೆಲ್ಲ ಗೊತ್ತು. ಮದ್ದು ಇರುತ್ತದೆ, ಗುಂಡು ಇರುವುದಿಲ್ಲ. ಆದರೆ ಆಟೊಮ್ಯಾಟಿಕ್ ಪಿಸ್ತೂಲು, ಮಷಿನ್‌ಗನ್‌ಗಳು ಒಂದು ಗುಂಡು ಹಾರಿಸಿದ ಒತ್ತಡದಿಂದಲೇ ಮುಂದಿನ ಗುಂಡನ್ನು ಒಳಗೆ ತುಂಬಿಕೊಳ್ಳುವುದು. ಗುಂಡೇ ಇಲ್ಲದಿದ್ದರೆ ಒತ್ತಡ ಸಾಕಾಗುವುದಿಲ್ಲ, ಒಂದೇ ಏಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾಗಿ ನಳಿಗೆಯೊಳಗೆ ತಡೆ ಕೂರಿಸಿ ಅವನ್ನು ಚಿತ್ರೀಕರಣಕ್ಕೆ ಅಂತಲೇ ತಯಾರು ಮಾಡಬೇಕು. ಅದಕ್ಕೆ ದುಡ್ಡು ಬೇಕು, ಗೊತ್ತಿರುವ ಮನುಷ್ಯ ಬೇಕು. ರಿವಾಲ್ವರ್‌ಗೆ ಆ ತಾಪತ್ರಯ ಇಲ್ಲ, ಬೆರಳೇ ಉರುಳೆ ತಿರುಗಿಸುತ್ತದೆ. ಮಡಚಿ ತುಂಬುವ ಜೋಡು ನಳಿಗೆಗೂ ಇಲ್ಲ. ಈಗ ಲೆಕ್ಕ ಹಾಕಿ. 10 ಸಾವಿರ ಡಾಲರ್ ಸಿನಿಮಾದ ಹೀರೋ ಕೈಯಲ್ಲಿ ಮುಖ್ಯವಾಗಿ ಇರುವುದು ಯಾವುದು? ಒಂದು ನಗಾನ್, ಒಂದು ಕೊಯ್ದ ಕೋವಿ. ಇದು ನನ್ನ ಊಹೆ, ಆದರೆ ಜೇಬು ಖಾಲಿ ಇದ್ದದ್ದೇ ಪಾತ್ರಕ್ಕೆ ಒದಗಿ ಬಂದಿದೆ ಅಂತ ನನಗೆ ಯಾವಾಗಲೂ ಅನ್ನಿಸಿದೆ. ಬಡವ ಹುಡುಗ, ಬಡ ಸಿನಿಮಾ, ಕೈಗೆ ಸಿಕ್ಕಿದ ಸಾಮಾನು.

ಖಾಲಿ ತೋಟಾ ಅಂದರೆ ಅಪಾಯ ಇಲ್ಲ ಅಂತಲ್ಲ. ನಾನೇ ಇದ್ದ ಒಂದು ಚಿತ್ರೀಕರಣದಲ್ಲಿ, ಯಾವುದು ಅಂತ ಹೇಳುವುದಿಲ್ಲ, ಬಾಡಿಗೆಗೆ ತಂದ ಕೋವಿಯಿಂದ ಖಾಲಿ ಹೊಡೆದಾಗ ಒಳಗಿನ ಕಾಗದದ ಬಿಲ್ಲೆ ಉರಿಯುತ್ತಾ ಬಂದು ಎದುರಿಗಿದ್ದ ಸಹನಟನ ಜಾಕೆಟ್‌ಗೆ ಬಿತ್ತು. ಎದೆಯ ಹತ್ತಿರ ರೂಪಾಯಿ ಅಗಲದ ತೂತು. ಅವನು ನಗುತ್ತಿದ್ದ. ನಾವೂ ನಕ್ಕೆವು. ಸಂಜೆ ಜಾಕೆಟ್ ಬಿಚ್ಚಿದಾಗ ಚರ್ಮ ಬೊಬ್ಬೆ ಎದ್ದಿತ್ತು. ಯಾರೂ ಅಷ್ಟು ಹತ್ತಿರದಿಂದ ಹೊಡೆಯಬಾರದಿತ್ತು, ಯಾರೂ ಹೇಳಿರಲಿಲ್ಲ ಅಷ್ಟೇ. ಅಮೆರಿಕದಲ್ಲಿ 1993ರಲ್ಲಿ ಬ್ರ್ಯಾಂಡನ್ ಲೀ ಸತ್ತಿದ್ದು ಹೇಗೆ ಅಂತ ಓದಿ. ಹಿಂದಿನ ಒಂದು ಶಾಟ್‌ಗೆ ಹಾಕಿದ ಡಮ್ಮಿ ತೋಟಾದ ಗುಂಡು ನಳಿಗೆಯಲ್ಲೇ ಉಳಿದಿತ್ತು, ಹಿಂದಿನಿಂದ ಖಾಲಿ ಹೊಡೆದರು, ಅದು ನಿಜವಾದ ಗುಂಡಾಯಿತು. ಜೋಡುನಳಿಗೆ ಅವರ ಅಜ್ಜನ ಪಾಠವನ್ನು ಪ್ರತಿ ಸೆಟ್ಟಿನ ಬಾಗಿಲಿಗೆ ಬರೆದು ಹಾಕಬೇಕು.

ಸಬ್‌ಟೈಟಲ್ ಸುಬ್ಬಿ

ಎಲ್ಲರೂ ನಳಿಗೆ, ಉರುಳೆ ಅಂತ ಖುಷಿಯಲ್ಲಿದ್ದೀರಿ. ಆ ಬಂದೂಕು ಯಾರ ಕಡೆ ತಿರುಗಿದೆ ಅಂತಲೂ ಸ್ವಲ್ಪ ನೋಡೋಣವಾ?

ಟ್ರಾಮ್ ದೃಶ್ಯ ಯಾರಿಗಾದರೂ ನೆನಪಿದೆಯಾ? ಟ್ರಾಮ್‌ನಲ್ಲಿ ಕಾಕಸಸ್ ಕಡೆಯ, ಅಂದರೆ ರಷ್ಯಾದ ದಕ್ಷಿಣದ ಬೆಟ್ಟಸೀಮೆಯ, ಇಬ್ಬರು ಗಂಡಸರು ಟಿಕೆಟ್ ಇಲ್ಲದೆ ಕೂತಿದ್ದಾರೆ, ಟಿಕೆಟ್ ಕೇಳಿದವನ ಮೇಲೆ ಜೋರು ಮಾಡುತ್ತಿದ್ದಾರೆ. ದಾನಿಲ ಬಂದೂಕು ತೆಗೆದು ಹಿಡಿಯುತ್ತಾನೆ. ಅವರಲ್ಲೊಬ್ಬ ಹೆದರಿ, ಹೊಡೆಯಬೇಡ ಬ್ರಾತ್ ಅನ್ನುತ್ತಾನೆ. ನೀನು ನನಗೆ ಬ್ರಾತ್ ಅಲ್ಲ ಅನ್ನುತ್ತಾನೆ ದಾನಿಲ, ಜೊತೆಗೊಂದು ಕೊಳಕು ಜನಾಂಗೀಯ ಬೈಗುಳ. ಇಡೀ ಸಿನಿಮಾದ ಹೆಸರೇ ಆ ಪದ. ನೀವು ಹೇಳುವ ಮಿಕ್ಸಿ ರಿಪೇರಿ ಹುಡುಗ ಇವನೇ. ಅವನ ಮುಖ ಶಾಂತವಾಗಿದೆ ಅಂತ ನಾವು ಅವನ ಮಾತನ್ನೂ ನುಂಗಿಬಿಡುತ್ತೇವೆ.

2000ದಲ್ಲಿ ಬಂದ ಎರಡನೇ ಭಾಗದಲ್ಲಿ ಇದು ಇನ್ನೂ ಜಾಸ್ತಿ. ಅಮೆರಿಕಕ್ಕೆ ಹೋಗಿ, ಶಕ್ತಿ ಇರುವುದು ಹಣದಲ್ಲಲ್ಲ ಸತ್ಯದಲ್ಲಿ ಅಂತ ಪಾಠ ಮಾಡುತ್ತಾನೆ, ಕೈಯಲ್ಲಿ ಬಂದೂಕು ಹಿಡಿದುಕೊಂಡು. 2022ರಲ್ಲಿ ಉಕ್ರೇನ್ ಮೇಲೆ ದಾಳಿ ಶುರುವಾದಾಗ ರಷ್ಯಾದ ರಕ್ಷಣಾ ಸಚಿವಾಲಯ ಅದೇ ‘ಶಕ್ತಿ ಸತ್ಯದಲ್ಲಿದೆ’ ಅನ್ನುವ ಘೋಷಣೆಯನ್ನು ತನ್ನ ಸೇನಾ ವಾಹನಗಳ ಮೇಲೆ ಬರೆದಿದ್ದ ‘ವಿ’ ಅಕ್ಷರದ ಜೊತೆ ಸೇರಿಸಿ ಹಂಚಿತು. ಹಾಲಿವುಡ್ ಕಂಪನಿಗಳು ರಷ್ಯಾ ಬಿಟ್ಟು ಹೋದಾಗ ಥಿಯೇಟರ್‌ಗಳಿಗೆ ಮತ್ತೆ ಬಂದಿದ್ದೂ ಈ ಎರಡು ಸಿನಿಮಾಗಳೇ. ಅಷ್ಟೊತ್ತಿಗೆ ಬೊದ್ರೋವ್ ಸತ್ತು 20 ವರ್ಷ ಆಗುತ್ತಾ ಬಂದಿತ್ತು. ಅವನು ಏನು ಹೇಳುತ್ತಿದ್ದನೋ ನಾನು ಊಹಿಸಲು ಹೋಗುವುದಿಲ್ಲ. ಆದರೆ ಸಿನಿಮಾ ಮಾತ್ರ ಅದಕ್ಕೆ ಬೇಕಾದ ಸಾಮಾನನ್ನು ತಾನೇ ಒದಗಿಸಿಕೊಟ್ಟಿದೆ.

ಹಳೇರೀಲು

ಸುಬ್ಬಿ ಮೇಡಂ, ಒಪ್ಪುತ್ತೇನೆ, ಅರ್ಧ. ಬಲಬಾನೊವ್ ಆ ದೃಶ್ಯವನ್ನು ಚಪ್ಪಾಳೆಗೆ ಅಂತ ತೆಗೆದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೊದಲ ಭಾಗದಲ್ಲಿ ದಾನಿಲನಿಗೆ ಯಾರೂ ಕೈ ತಟ್ಟುವುದಿಲ್ಲ. ಕೊನೆಗೆ ಅವನು ಇಷ್ಟಪಟ್ಟ ಟ್ರಾಮ್ ಓಡಿಸುವ ಹೆಂಗಸೂ ಅವನ ಜೊತೆ ಹೋಗುವುದಿಲ್ಲ. ಗೋರಿಗಳ ಜಾಗದಲ್ಲಿ ಬದುಕುವ ಆ ಜರ್ಮನ್ ಮುದುಕ ಇದ್ದಾನಲ್ಲ, ಅವನೂ ಇವನ ದುಡ್ಡು ಬೇಡ ಅನ್ನುತ್ತಾನೆ. ಒಬ್ಬನೇ ಲಾರಿ ಹತ್ತಿ ಮಾಸ್ಕೋಗೆ ಹೋಗುತ್ತಾನೆ. ಎರಡನೇ ಭಾಗದ ಬಗ್ಗೆ ನಿಮ್ಮ ಜೊತೆ ಜಗಳ ಇಲ್ಲ.

ಸಬ್‌ಟೈಟಲ್ ಸುಬ್ಬಿ

ತೆಗೆದಿದ್ದು ಯಾವುದಕ್ಕೋ ಇರಲಿ ಸರ್, ಚಪ್ಪಾಳೆ ಅಂತೂ ಬಿತ್ತು.

ಮಧ್ಯರಾತ್ರಿ ಮ್ಯಾಟಿನಿ

ನಗಾನ್ ವಿಷಯದಲ್ಲಿ ನಾನು ಸೋತೆ, ಒಪ್ಪಿದೆ 🙏 ಆದರೆ ಎರಡನೇ ಭಾಗದಲ್ಲಿ ಅಣ್ಣ ಕಾರಿನ ಹಿಂದಿನ ಬಾಗಿಲು ತೆಗೆದು ಮಷಿನ್‌ಗನ್ ಹೊಡೆಯುತ್ತಾನಲ್ಲ, ಮ್ಯೂಸಿಯಂನಿಂದ ಕದ್ದು ತಂದ ಹಾಗಿದೆ ಅದು. ಅದಾದರೂ ಜೋಕೇ ಅಲ್ವಾ?

ಜೋಡುನಳಿಗೆ

ಜೋಕೇ, ಆದರೆ ರಷ್ಯನ್ನರಿಗೆ ಮಾತ್ರ ಪೂರ್ತಿ ಅರ್ಥ ಆಗುವ ಜೋಕು. ಅದು ಮ್ಯಾಕ್ಸಿಮ್, 1910ರ ಮಾದರಿ. ನಳಿಗೆಯ ಸುತ್ತ ದಪ್ಪ ಕೊಳವೆ ಇದೆಯಲ್ಲ, ಅದರ ತುಂಬ ನೀರು, ಬಿಸಿ ಆಗದಿರಲಿ ಅಂತ. ಬಟ್ಟೆಯ ಪಟ್ಟಿಯಲ್ಲಿ 250 ತೋಟಾ. ಚಕ್ರದ ಗಾಡಿ ಸೇರಿಸಿದರೆ 60 ಕಿಲೋ ದಾಟುತ್ತದೆ. ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ಇದನ್ನು ಕುದುರೆ ಗಾಡಿಯ ಹಿಂದೆ ಕಟ್ಟಿಕೊಂಡು, ಓಡುತ್ತಾ ಓಡುತ್ತಾ ಹಿಂದಕ್ಕೆ ಹೊಡೆಯುತ್ತಿದ್ದರು. ‘ತಚಾಂಕಾ’ ಅಂತ ಅದರ ಹೆಸರು. 1934ರ ‘ಚಪಾಯೆವ್’ ಸಿನಿಮಾದಲ್ಲಿ ಅಂಕಾ ಅನ್ನುವ ಹುಡುಗಿ ಮ್ಯಾಕ್ಸಿಮ್ ಹೊಡೆಯುತ್ತಾಳೆ, ಅಲ್ಲಿನ ಪ್ರತಿ ಮಗುವಿಗೂ ಅವಳು ಗೊತ್ತು. ಅಣ್ಣನ ಪಾತ್ರ ಮಾಡಿದ ವಿಕ್ತೋರ್ ಸುಖೊರೂಕೊವ್ ಕಾರಿನ ಹಿಂಭಾಗದಲ್ಲಿ ಕೂತು ಹಿಂದೆ ಬರುವ ಗೂಂಡಾಗಳಿಗೆ ಹೊಡೆಯುವುದು ಅಂದರೆ ಕಾರಿನ ತಚಾಂಕಾ!

ಆ ಭಾಗದಲ್ಲಿ ದಾನಿಲ ಮಾಸ್ಕೋದಲ್ಲಿ ಆಯುಧ ತಗೊಳ್ಳುವುದು ಹಳೇ ಯುದ್ಧಭೂಮಿ ಅಗೆದು ಸಾಮಾನು ಮಾರುವವನ ಹತ್ತಿರ. ಎಲ್ಲ ಎರಡನೇ ಮಹಾಯುದ್ಧದ್ದು. ಅಮೆರಿಕಕ್ಕೆ ಹೋದ ಮೇಲೆ, ಗಲ್ಲಿಗೊಂದು ಬಂದೂಕು ಸಿಗುವ ದೇಶದಲ್ಲಿ, ಅಲ್ಲೂ ಕೊಳವೆ ತುಂಡು, ಬೆಂಕಿಕಡ್ಡಿ ಅಂತ ಹಳ್ಳಿ ಹುಡುಗರ ಹಾಗೆ ತಾನೇ ಮಾಡಿಕೊಳ್ಳಲು ಕೂರುತ್ತಾನೆ. ಹೊಸ ಹೊಳೆಯುವ ಬಂದೂಕು ಇವನಿಗೆ ಒಗ್ಗುವುದೇ ಇಲ್ಲ.

ಹಳೇರೀಲು

ಈಗ ಒಂದು ಮಾತು. ಬೊದ್ರೋವ್ ಅಂದರೆ ದಾನಿಲ ಅಷ್ಟೇ ಅನ್ನುವವರು ‘ಕಾವ್‌ಕಾಜ್‌ಸ್ಕಿ ಪ್ಲೇನ್ನಿಕ್’ ನೋಡಿ. 1996. ಅಪ್ಪ ನಿರ್ದೇಶಕ. 1872ರ ಟಾಲ್‌ಸ್ಟಾಯ್ ಕಥೆಯನ್ನು ಚೆಚೆನ್ ಯುದ್ಧದ ಕಾಲಕ್ಕೆ ತಂದಿದ್ದಾರೆ, ಚಿತ್ರೀಕರಣ ದಾಗೆಸ್ತಾನ್‌ನ ಬೆಟ್ಟದ ಹಳ್ಳಿಯಲ್ಲಿ. ಇಲ್ಲಿ ಬೊದ್ರೋವ್ ವಾನ್ಯಾ ಅನ್ನುವ ಹೊಸ ಸಿಪಾಯಿ. ಹಳೇ ಹುಲಿ ಸಾಶಾ ಆಗಿ ಒಲೆಗ್ ಮೆನ್ಶಿಕೊವ್. ಇಬ್ಬರೂ ಸೆರೆ ಸಿಕ್ಕಿ ಒಂದೇ ಸರಪಳಿಯಲ್ಲಿ ಬಂದಿಯಾಗುತ್ತಾರೆ. ಹಿಡಿದ ಮುದುಕನ ಮಗ ರಷ್ಯನ್ನರ ಜೈಲಿನಲ್ಲಿದ್ದಾನೆ, ಮಗನಿಗೆ ಬದಲಾಗಿ ಇವರು. ಮುದುಕನ ಪುಟ್ಟ ಮಗಳು ದೀನಾ. ವಾನ್ಯಾ ಅವಳಿಗೆ ಆಟಿಕೆ ಹಕ್ಕಿ ಮಾಡಿಕೊಡುತ್ತಾನೆ. ಅದೇ ಕೈ, ಅದೇ ಮೌನ, ಆದರೆ ಇಲ್ಲಿ ಮಾಡುತ್ತಿರುವುದು ಹಕ್ಕಿ.

ಕೊನೆಯಲ್ಲಿ ಮಗ ಸತ್ತ ಸುದ್ದಿ ಬಂದ ಮೇಲೆ ಆ ಅಪ್ಪ ವಾನ್ಯಾನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾನೆ, ಕೊಲ್ಲಲು. ಬಂದೂಕು ಈಗ ಬೊದ್ರೋವ್ ಬೆನ್ನ ಹಿಂದೆ. ಆ ನಡಿಗೆ ನೋಡಿ. ಕೊಲ್ಲುವುದಿಲ್ಲ ಅವನು, ಬಿಟ್ಟು ಹೋಗುತ್ತಾನೆ. ಆಮೇಲೆ ತಲೆಯ ಮೇಲಿಂದ ಹೆಲಿಕಾಪ್ಟರ್‌ಗಳು ಆ ಹಳ್ಳಿಯ ಕಡೆಗೇ ಹಾರಿ ಹೋಗುತ್ತವೆ. ಸಿನಿಮಾ ಆಸ್ಕರ್ ನಾಮನಿರ್ದೇಶನ ಪಡೆಯಿತು, ಇವನಿಗೂ ಮೆನ್ಶಿಕೊವ್‌ಗೂ ಸೇರಿ ರಷ್ಯಾದ ‘ನೀಕಾ’ ಪ್ರಶಸ್ತಿ ಬಂತು.

ಮಧ್ಯೆ 1999ರ ಫ್ರೆಂಚ್ ಸಿನಿಮಾ ‘ಎಸ್ತ್-ವೆಸ್ತ್’ ಇದೆ, ಅದರಲ್ಲಿ ಈಜುಗಾರ. ಕೈಯಲ್ಲಿ ಏನೂ ಇಲ್ಲ, ತಣ್ಣೀರು ಮಾತ್ರ. 2002ರ ಬಲಬಾನೊವ್ ಸಿನಿಮಾ ‘ವೈನಾ’ದಲ್ಲಿ ಗಾಯಗೊಂಡು ಸೆರೆಯಾದ ಕ್ಯಾಪ್ಟನ್. ಅಲ್ಲಿ ಬಂದೂಕು ಹಿಡಿದು ಓಡುವವನು ಬೇರೆ ಹುಡುಗ, ಅಲೆಕ್ಸೇಯ್ ಚಾದೊವ್.

ಸಬ್‌ಟೈಟಲ್ ಸುಬ್ಬಿ

ಅವನ ನಿರ್ದೇಶನದ ಸಿನಿಮಾ ಬಗ್ಗೆ ಯಾರೂ ಹೇಳಲಿಲ್ಲ. ಬೈದವಳೇ ಹೇಳಬೇಕಾಯಿತು ನೋಡಿ.

‘ಸ್ಯೋಸ್ತ್ರಿ’, ಅಂದರೆ ಅಕ್ಕತಂಗಿಯರು. 2001. ಅವನಿಗೆ ಆಗ 29. ಆ ವರ್ಷ ಸೋಚಿಯ ಕಿನೋತಾವ್ರ್ ಉತ್ಸವದಲ್ಲಿ ಚೊಚ್ಚಲ ಚಿತ್ರಗಳ ದೊಡ್ಡ ಪ್ರಶಸ್ತಿ ಬಂತು. ಸ್ವೇತಾಗೆ 13, ದೀನಾಗೆ 8. ಹಳೇರೀಲು ಸರ್, ಹೌದು, ದೀನಾ. ಅಪ್ಪನ ಸಿನಿಮಾದ ಹುಡುಗಿಯ ಹೆಸರೇ ಮಗನ ಸಿನಿಮಾದಲ್ಲೂ. ತಾಯಿ ಒಬ್ಬಳೇ, ಅಪ್ಪಂದಿರು ಬೇರೆ. ದೀನಾಳ ಅಪ್ಪ ರೌಡಿ, ಈಗಷ್ಟೇ ಜೈಲಿನಿಂದ ಬಂದವನು. ಅವನ ಜೊತೆ ಹಣದ ಜಗಳ ಇರುವವರು ಈ ಮಕ್ಕಳ ಬೆನ್ನು ಬೀಳುತ್ತಾರೆ. ಇಬ್ಬರೂ ತಪ್ಪಿಸಿಕೊಂಡು ಓಡುತ್ತಾರೆ.

ಚಿಕ್ಕವಳು ಪಿಟೀಲು ಕಲಿಯುತ್ತಾಳೆ, ದೊಡ್ಡವಳು ರೈಫಲ್. ಸ್ವೇತಾ ಶೂಟಿಂಗ್ ರೇಂಜ್‌ಗೆ ಹೋಗಿ ಗುರಿ ಅಭ್ಯಾಸ ಮಾಡುತ್ತಾಳೆ, ಯುದ್ಧಕ್ಕೆ ಹೋಗಿ ಸ್ನೈಪರ್ ಆಗಬೇಕು ಅನ್ನುವುದು ಅವಳ ಕನಸು. 13 ವರ್ಷದ ಹುಡುಗಿಯ ಕನಸು! ಬೊದ್ರೋವ್ ಇದನ್ನು ತಮಾಷೆಯಾಗಿಯೂ ತೋರಿಸುವುದಿಲ್ಲ, ಅಯ್ಯೋ ಪಾಪ ಅಂತಲೂ ತೋರಿಸುವುದಿಲ್ಲ. ಓಕ್ಸಾನಾ ಅಕೀನ್‌ಶಿನಾ ಆ ಪಾತ್ರ ಮಾಡಿದ್ದಾಳೆ. ಕೆನ್ನೆಗೆ ರೈಫಲ್ ಒತ್ತಿಕೊಂಡು ಉಸಿರು ಹಿಡಿಯುವಾಗ ಅವಳ ಮುಖ ಥೇಟ್ ದಾನಿಲನ ಮುಖ. ಆ ಮುಖ ನೋಡಿ ಬೆಳೆದ ಮಕ್ಕಳು ಹೇಗಿರುತ್ತಾರೆ ಅಂತ ಅವನಿಗೇ ಯೋಚನೆ ಬಂದಿತ್ತೇನೋ. ಒಂದು ಕಡೆ ಅವನೂ ಒಂದು ಗಳಿಗೆ ಬಂದು ಹೋಗುತ್ತಾನೆ, ದಾನಿಲನೇ ಬಂದನೇನೋ ಅನ್ನಿಸುವ ಹಾಗೆ.

ಟ್ರಾಮ್ ದೃಶ್ಯಕ್ಕೆ ಇದು ಪ್ರಾಯಶ್ಚಿತ್ತ ಅಂತ ನಾನು ಹೇಳುತ್ತಿಲ್ಲ. ಆದರೆ ನೋಡಲೇಬೇಕಾದ್ದು. ಸಂಗೀತ ‘ಕಿನೋ’ ತಂಡದ್ದು.

ತುಂಗಾತೀರ

ಇವತ್ತು ರಾತ್ರಿ ಅದೇ. ಇನ್ನೊಂದು ಸಿನಿಮಾ ಅರ್ಧಕ್ಕೇ ನಿಂತಿತ್ತು ಅಂತ ಎಲ್ಲೋ ಓದಿದೆ, ಹಿಮಪಾತ ಅಂತ. ಯಾರಿಗಾದರೂ ಗೊತ್ತಾ?

ವ್ಲಾದಿ ಡಾಕ್ಟ್ರು

ನಾನು ಇಲ್ಲಿ ಬರೆಯುವುದು ಕಡಿಮೆ, ಆದರೆ ಇದಕ್ಕೆ ಬರೆಯಬೇಕು. ನಾನು ವೈದ್ಯಕೀಯ ಓದಿದ್ದು ವ್ಲಾದಿಕಾವ್‌ಕಾಜ್‌ನಲ್ಲಿ, ಉತ್ತರ ಒಸೇತಿಯಾದ ರಾಜಧಾನಿ. ನಮ್ಮ ಕಡೆಯ ಹುಡುಗ ಹುಡುಗಿಯರು ಅಲ್ಲಿ ಸುಮಾರು ಜನ ಇದ್ದೆವು. ಕರ್ಮಾದೋನ್ ಕಣಿವೆ ಅಲ್ಲಿಂದ ಗಂಟೆಯೊಳಗಿನ ದಾರಿ.

ಬೊದ್ರೋವ್ ಅವರ ಎರಡನೇ ನಿರ್ದೇಶನ ‘ಸ್ವ್ಯಜ್ನೋಯ್’. ಕಥೆಯೂ ಅವರದೇ, ಮುಖ್ಯ ಪಾತ್ರವೂ ಅವರದೇ. 2002ರ ಸೆಪ್ಟೆಂಬರ್ 20ರಂದು ಆ ಕಣಿವೆಯಲ್ಲಿ ಚಿತ್ರೀಕರಣ ಇತ್ತು. ಸಂಜೆ ಬೆಳಕು ಹೋದ ಮೇಲೆ ಸಾಮಾನು ಕಟ್ಟಿ ಊರಿಗೆ ಹೊರಟಿದ್ದರು. ಎಂಟು ಗಂಟೆಯ ಸುಮಾರಿಗೆ ಮೇಲಿನ ಕೋಲ್ಕಾ ಹಿಮನದಿ ಕಿತ್ತುಕೊಂಡು ಬಂತು. ಇದು ಹಿಮಪಾತ ಅಲ್ಲ ತುಂಗಾತೀರ ಅವರೇ. ಮಂಜು ಜಾರಿದ್ದಲ್ಲ, ಹಿಮನದಿಯೇ ತಳದಿಂದ ಎದ್ದು ಬಂದಿದ್ದು. ಹತ್ತು ಕೋಟಿ ಘನ ಮೀಟರ್‌ಗೂ ಮೀರಿದ ಮಂಜುಗಡ್ಡೆ, ಕಲ್ಲು, ಮಣ್ಣು. ಗಂಟೆಗೆ 100 ಕಿ.ಮೀ.ಗಿಂತ ಜಾಸ್ತಿ ವೇಗ. ಕೆಲವೇ ನಿಮಿಷಗಳಲ್ಲಿ 20 ಕಿ.ಮೀ. ಹತ್ತಿರ ಕಣಿವೆ ಮುಚ್ಚಿಹೋಯಿತು. 120ಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಚಿತ್ರತಂಡದವರು, ಜೊತೆಗೆ ಬಂದಿದ್ದ ಅಲ್ಲಿನ ಕುದುರೆ ಸವಾರರು, ಊರವರು. 1902ರಲ್ಲೂ ಇದೇ ಕೋಲ್ಕಾ ಹೀಗೇ ಬಂದು 36 ಜನರನ್ನು ತಗೊಂಡು ಹೋಗಿತ್ತು. ಇದಕ್ಕೆ ಸರಿಯಾಗಿ ನೂರು ವರ್ಷ ಮೊದಲು.

ಕಣಿವೆಯಲ್ಲಿ ಒಂದು ಹಳೇ ರಸ್ತೆ ಸುರಂಗ ಇತ್ತು. ಅದರೊಳಗೆ ಹೊಕ್ಕು ಬದುಕಿರಬಹುದು ಅಂತ ಮನೆಯವರು ನಂಬಿದ್ದರು. ಮಂಜಿನ ಮೇಲೇ ಡೇರೆ ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಮತ್ತೆ ಮತ್ತೆ ಕೊರೆದರು, ತಪ್ಪಿತು. 2003ರ ವಸಂತದಲ್ಲಿ ಕೊನೆಗೂ ಸುರಂಗ ಮುಟ್ಟಿದರು. ಒಳಗೆ ಯಾರೂ ಇರಲಿಲ್ಲ. 2004ರವರೆಗೂ ಹುಡುಕಿದರು. ಬೊದ್ರೋವ್ ಅವರ ದೇಹ ಸಿಗಲೇ ಇಲ್ಲ.

ನಾವು ಮೂವರು ಗೆಳೆಯರು ಮೂರನೇ ವರ್ಷದಲ್ಲಿ ಟ್ಯಾಕ್ಸಿ ಮಾಡಿಕೊಂಡು ಹೋಗಿದ್ದೆವು. ದಾರಿಯಲ್ಲಿ ಮಂಜುಗಡ್ಡೆಯೊಳಗೆ ಸಿಕ್ಕಿಬಿದ್ದ ಯುವಕನ ಒಂದು ಸ್ಮಾರಕ ಇದೆ. ಅದರ ಬುಡದಲ್ಲಿ ಯಾರೋ ಹೂವು, ಸಿಗರೇಟು, ಒಂದು ಸಿಡಿ ಇಟ್ಟಿದ್ದರು. ಬಿಸಿಲಿಗೆ ಸಿಡಿಯ ಬಣ್ಣ ಹೋಗಿತ್ತು, ಯಾವುದು ಅಂತ ಓದಲು ಆಗಲಿಲ್ಲ.

ತುಂಗಾತೀರ

ಸಿಡಿ ಯಾಕೆ ಅಂತ ಈಗ ಹೊಳೆಯಿತು. ಸಿನಿಮಾದುದ್ದಕ್ಕೂ ಅವನ ಸೊಂಟದಲ್ಲಿ ಸಿಡಿ ಪ್ಲೇಯರ್, ಕಿವಿಯಲ್ಲಿ ‘ನೌತಿಲುಸ್’ ಅನ್ನುವ ರಾಕ್ ತಂಡದ ಹಾಡು. ಅವನ ಮೇಲೆ ಗುಂಡು ಹಾರಿಸಿದಾಗ ಅದು ಆ ಪ್ಲೇಯರ್‌ಗೆ ಬಿದ್ದು ಜೀವ ಉಳಿಯುತ್ತದೆ. ಇನ್ನೊಂದು ದೃಶ್ಯದಲ್ಲಿ ಕೆಳಗಿನ ಮನೆಯಲ್ಲಿ ಗೂಂಡಾಗಳ ಜೊತೆ ಕಾದು ಕೂತವನು, ತಲೆನೋವಿನ ಮಾತ್ರೆ ಕೇಳುವ ನೆಪದಲ್ಲಿ ಮೇಲಿನ ಮನೆಗೆ ಹೋಗುತ್ತಾನೆ. ಅಲ್ಲಿ ಅವನು ಕೇಳುವ ಹಾಡುಗಾರರೇ ಕೂತಿದ್ದಾರೆ. ಬಾಯಿಬಿಟ್ಟು ಒಂದು ಮಾತಾಡದೆ ಮೂಲೆಯಲ್ಲಿ ಕೂತು ಗಿಟಾರ್ ಕೇಳುತ್ತಾನೆ. ಆಮೇಲೆ ಎದ್ದು ಕೆಳಗೆ, ಕೊಲೆ ನಡೆಯುವ ಜಾಗಕ್ಕೆ ಹೋಗುತ್ತಾನೆ.

ಮಧ್ಯರಾತ್ರಿ ಮ್ಯಾಟಿನಿ

ಡಾಕ್ಟ್ರೇ, ಅಲ್ಲಿಯವರಿಗೆ ಬೊದ್ರೋವ್ ಬಗ್ಗೆ ಸಿಟ್ಟಿಲ್ವಾ? ಸುಬ್ಬಿ ಅಕ್ಕ ಹೇಳಿದ ಟ್ರಾಮ್ ದೃಶ್ಯ... ಒಸೇತಿಯಾ ಕೂಡ ಕಾಕಸಸ್ ತಾನೇ.

ವ್ಲಾದಿ ಡಾಕ್ಟ್ರು

ಎಲ್ಲರದ್ದೂ ನನಗೆ ಗೊತ್ತಿಲ್ಲ ತಮ್ಮಾ. ನಮ್ಮನ್ನು ಕರೆದುಕೊಂಡು ಹೋದ ಟ್ಯಾಕ್ಸಿಯವನ ಬಗ್ಗೆ ಹೇಳುತ್ತೇನೆ. ಐವತ್ತರ ಮೇಲಿನ ಒಸೇತಿಯನ್. ಅಲ್ಲಿ ಗುರುತು ಪರಿಚಯ ಇಲ್ಲದವರನ್ನೂ ‘ಬ್ರಾತ್’ ಅಂತಲೇ ಕರೆಯುವುದು, ನಮ್ಮಲ್ಲಿ ಕಂಡಕ್ಟರ್‌ನ ವಯಸ್ಸು ನೋಡದೆ ‘ಅಣ್ಣಾ, ಇಲ್ಲಿ ನಿಲ್ಸಿ’ ಅನ್ನುವುದಿಲ್ಲವಾ, ಹಾಗೆ. ನನ್ನ ಅಪ್ಪನ ವಯಸ್ಸಿನವನು ದಾರಿಯುದ್ದಕ್ಕೂ ನನ್ನನ್ನು ಬ್ರಾತ್ ಬ್ರಾತ್ ಅನ್ನುತ್ತಿದ್ದ. ಸ್ಮಾರಕದ ಹತ್ತಿರ ಇಳಿದು, ಟೋಪಿ ತೆಗೆದು, ನಮ್ಮ ಜೊತೆಗೇ ನಿಂತ. ಟ್ರಾಮ್ ದೃಶ್ಯದ ಬಗ್ಗೆ ನಾನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಸಿನಿಮಾದ ಮಾತು, ಇಲ್ಲಿ ಸತ್ತಿದ್ದು ನಮ್ಮ ಹುಡುಗರ ಜೊತೆ ಸತ್ತ ಹುಡುಗ ಅಂದ. ವಾಪಸ್ ಬರುವಾಗ ಬಾಡಿಗೆ ಮಾತ್ರ ಒಂದು ರೂಬಲ್ ಕಡಿಮೆ ಮಾಡಲಿಲ್ಲ.

ತುಂಗಾತೀರ

ಹಾಗಾದರೆ ಕನ್ನಡದಲ್ಲಿ ‘ಅಣ್ಣ’ ಅಂತಲೇ ಆಗಬೇಕು. ನನ್ನ ‘ತಮ್ಮ’ ವಾಪಸ್ ತಗೊಂಡೆ. ‘ಸ್ಯೋಸ್ತ್ರಿ’ ಸಿಕ್ಕಿದೆ, ಸಬ್‌ಟೈಟಲ್ ಐದು ಸೆಕೆಂಡ್ ಹಿಂದೆ ಓಡುತ್ತಿದೆ. ಸುಬ್ಬಿ ಮೇಡಂ, ಸರಿಯಾದ ಫೈಲ್ ನಿಮ್ಮ ಹತ್ತಿರ ಇದೆಯಾ?